ಬಿತ್ತಿದ್ದು ಯಾವುದು, ತಾನಾಗಿ ಬಂದದ್ದು ಯಾವುದು? ತರಕಾರಿ ಸಸಿ ಮತ್ತು ಕಳೆ ಗುರುತಿಸುವ ಬಗೆ

ತರಕಾರಿ ಬೆಳೆಯಲು ಶುರುಮಾಡಿದ ಮೊದಲ ವರ್ಷ ನಾನೊಂದು ಬದನೆ ಗಿಡವನ್ನು ಬಹಳ ಅಕ್ಕರೆಯಿಂದ ಸಾಕಿದೆ. ಉಳಿದ ಬದನೆ ಸಸಿಗಳು ಬೆರಳುದ್ದ ಇರುವಾಗಲೇ ಅದು ಗೇಣುದ್ದ ಆಗಿತ್ತು. ಅಗಲವಾದ ಎಲೆ, ಅಲ್ಲಲ್ಲಿ ಬಳುಕಿದ ಅಂಚು, ಕಾಂಡಕ್ಕೆ ನೇರಳೆ ಛಾಯೆ. ಬೀಜ ಅಂದರೆ ಹೀಗಿರಬೇಕು ಅಂದುಕೊಂಡು, ಅದಕ್ಕೆ ಜಾಗ ಸಾಲದೆಂದು ಪಕ್ಕದ ನಾಲ್ಕು ಸಣಕಲು ಸಸಿಗಳನ್ನು ಕಿತ್ತು ಬಿಸಾಡಿದೆ. ಆಸರೆಗೆ ಕೋಲನ್ನೂ ಕಟ್ಟಿದೆ. ಒಂದು ಸಂಜೆ ಅದರಲ್ಲಿ ತುತ್ತೂರಿಯಂಥ ಉದ್ದನೆಯ ಬಿಳಿ ಹೂ ಅರಳಿತು. ಬದನೆ ಹೂವಾದರೆ ನೇರಳೆ ಬಣ್ಣದ ನಕ್ಷತ್ರದ ಹಾಗಿರುತ್ತದೆ. ನಾನು ಸಾಕಿದ್ದು ಉಮ್ಮತ್ತಿಯನ್ನು. ಕಿತ್ತೆಸೆದ ಆ ನಾಲ್ಕೇ ಬದನೆ.

ತಪ್ಪಾದದ್ದು ಎಲ್ಲಿ ಅಂತ ಆಮೇಲೆ ಹೊಳೆಯಿತು. ನಾನು ಒಂದು ಗಿಡವನ್ನಷ್ಟೇ ನೋಡುತ್ತ ಕೂತಿದ್ದೆ. ಪಕ್ಕದ ನಾಲ್ಕು ಸಸಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು, ಒಂದೇ ವಾರದಲ್ಲಿ ಮೊಳೆತಿದ್ದವು, ಒಂದೇ ಗೆರೆಯಲ್ಲಿ ನಿಂತಿದ್ದವು. ಗೆರೆಯಿಂದ ಆಚೆ ಇದ್ದದ್ದು, ಎಲ್ಲಕ್ಕಿಂತ ಮೊದಲು ಬಂದದ್ದು, ಯಾರ ಹಾಗೂ ಇಲ್ಲದ್ದು ಅದೊಂದೇ. ಎಲೆಯ ಗುರುತು ಗೊತ್ತಿಲ್ಲದಿದ್ದರೂ ಮೂರು ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು: ಎಲ್ಲಿ ಬಂತು, ಯಾವಾಗ ಬಂತು, ಇದರಂಥವು ಇನ್ನೆಷ್ಟಿವೆ?

ಕಳೆಗಳ ಹೆಸರು ಕಲಿಯಲು ಹೊರಡಬೇಡಿ

ಹೊಸಬರು ಮೊದಲು ಮಾಡುವ ಕೆಲಸ ಕಳೆಗಳ ಚಿತ್ರ ಹುಡುಕುವುದು. ಅದು ಮುಗಿಯದ ಲೆಕ್ಕ. ಹಿಡಿ ಮಣ್ಣಿನಲ್ಲಿ ಎಷ್ಟೋ ಬಗೆಯ ಬೀಜಗಳು ಮಲಗಿರುತ್ತವೆ. ಗಾಳಿ, ಹಕ್ಕಿ, ನೀರು, ಗೊಬ್ಬರ ಎಲ್ಲವೂ ತಂದು ಸೇರಿಸುತ್ತಲೇ ಇರುತ್ತವೆ. ಮಲಗಿದವು ಅಷ್ಟು ಬೇಗ ಸಾಯುವುದೂ ಇಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಕಳೆಬೀಜಗಳನ್ನು ಮರಳಿನೊಂದಿಗೆ ಬೆರೆಸಿ 20 ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತಿಟ್ಟ. ಇಷ್ಟಿಷ್ಟು ವರ್ಷಕ್ಕೊಂದು ಬಾಟಲಿ ತೆಗೆದು ಬಿತ್ತಿ ನೋಡುವ ಆ ಪ್ರಯೋಗ ಇನ್ನೂ ನಡೆಯುತ್ತಿದೆ. 2021ರಲ್ಲಿ ಹೊರತೆಗೆದ ಬಾಟಲಿಯಲ್ಲೂ ಕೆಲವು ಬೀಜಗಳು ಮೊಳೆತವು. ಎಲ್ಲ ಕಳೆಯೂ ಇಷ್ಟು ಗಟ್ಟಿಯಲ್ಲ. ಆದರೂ ನಿಮ್ಮ ಮಡಿಯಲ್ಲಿ ಈ ವಾರ ತಲೆಯೆತ್ತಿದ ಹುಲ್ಲಿನ ಬೀಜ ನೀವು ತೋಟಗಾರಿಕೆ ಶುರುಮಾಡುವ ಎಷ್ಟೋ ಮುಂಚೆಯೇ ಅಲ್ಲಿಗೆ ಬಂದಿದ್ದಿರಬಹುದು.

ನೀವು ಬಿತ್ತಿದ ತರಕಾರಿಗಳು ಐದೋ ಆರೋ. ಆ ಐದಾರರ ಎಳೆಯ ಮುಖ ಪರಿಚಯವಾದರೆ, ಉಳಿದದ್ದೆಲ್ಲ ಹೆಸರು ಗೊತ್ತಿಲ್ಲದಿದ್ದರೂ ಕಳೆಯೇ. ಮುಂದೆ ಹೇಳುವುದೆಲ್ಲ ಈ ಪರಿಚಯ ಬೆಳೆಸಿಕೊಳ್ಳುವ ದಾರಿ.

1. ಬಿತ್ತುವ ದಿನವೇ ಅರ್ಧ ಕೆಲಸ ಮುಗಿಸಿ

ಬೀಜ ಎರಚಬೇಡಿ, ಸಾಲಿನಲ್ಲಿ ಬಿತ್ತಿ. ಕುಂಡವಿರಲಿ, ಗ್ರೋಬ್ಯಾಗ್ ಇರಲಿ, ನೆಲವಿರಲಿ, ಒಂದು ಕೋಲಿನಿಂದ ನೇರ ಗೆರೆ ಎಳೆದು ಅದರಲ್ಲೇ ಹಾಕಿ. ಕಳೆಗೆ ಗೆರೆಯ ಹಂಗಿಲ್ಲ, ಅದು ಎಲ್ಲೆಂದರಲ್ಲಿ ಬರುತ್ತದೆ. ನೂಲು ಹಿಡಿದಂತೆ ಒಂದೇ ರೂಪದ ಹತ್ತು ಮೊಳಕೆ ಎದ್ದರೆ ಅವು ನಿಮ್ಮವು. ಅನುಭವಸ್ಥರು ಸೊಪ್ಪಿನ ಬೀಜವನ್ನು ಎರಚಿ ಬೆಳೆಯುವುದನ್ನು ನೋಡಿ ನೀವೂ ಹಾಗೇ ಮಾಡಲು ಹೋಗಬೇಡಿ. ಅವರಿಗೆ ಆ ಸಸಿ ಕನಸಿನಲ್ಲೂ ಗುರುತು ಸಿಗುತ್ತದೆ.

ಸಾಲಿನ ಎರಡು ತುದಿಗೂ ಕಡ್ಡಿ ನೆಡಿ. ಒಂದೇ ತುದಿಗೆ ನೆಟ್ಟರೆ ಗೆರೆ ಯಾವ ದಿಕ್ಕಿಗೆ ಹೋಯಿತೆಂದು ಎರಡೇ ವಾರದಲ್ಲಿ ಮರೆತುಹೋಗುತ್ತದೆ. ಹೆಸರಿನ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಸುತ್ತದೆ, ನೀರಿಗೆ ಕಲೆಸುತ್ತದೆ, ಪೆನ್ಸಿಲ್ ಗೆರೆ ಹಾಗೇ ಉಳಿಯುತ್ತದೆ. ಚೀಟಿಯನ್ನು ನಂಬಿ ಕೂರದೆ ಒಂದು ಪುಸ್ತಕದಲ್ಲಿ ಮಡಿಯ ನಕ್ಷೆಯನ್ನೂ ತಾರೀಖನ್ನೂ ಬರೆದಿಡಿ. ಚೀಟಿ ಕಿತ್ತು ಆಡುವ ಮಕ್ಕಳು, ಕೆದರುವ ಕೋಳಿ, ಎಳೆದಾಡುವ ನಾಯಿ ಎಲ್ಲ ಕಡೆಯೂ ಇದ್ದಾರೆ.

ಬೀಜ ಹಾಕಿದ ಗೆರೆಯನ್ನು ಅದೇ ಮಣ್ಣಿನಿಂದ ಮುಚ್ಚುವ ಬದಲು ತೆಳ್ಳಗೆ ಮರಳಿನಿಂದಲೋ ಕೋಕೊಪೀಟ್‌ನಿಂದಲೋ (ತೆಂಗಿನ ನಾರಿನ ಪುಡಿ) ಮುಚ್ಚುವುದು ನನಗೆ ಬಹಳ ಒಗ್ಗಿದ ಉಪಾಯ. ಗೆರೆಯ ಬಣ್ಣವೇ ಬೇರೆಯಾಗಿ ಕಾಣುತ್ತದೆ, ಜೊತೆಗೆ ಆ ಪಟ್ಟಿಯ ಮೇಲ್ಪದರದಲ್ಲಿ ಕಳೆಬೀಜವೂ ಕಡಿಮೆ.

ಕ್ಯಾರೆಟ್‌ನಂಥ ನಿಧಾನದ ಬೆಳೆಗೆ ಇನ್ನೊಂದು ಹಳೆಯ ಜಾಣತನವಿದೆ. ಅದೇ ಗೆರೆಯಲ್ಲಿ ಅಲ್ಲೊಂದು ಇಲ್ಲೊಂದು ಮೂಲಂಗಿ ಬೀಜ ಹಾಕಿ. ಕ್ಯಾರೆಟ್ ಮೊಳೆಯಲು ಎರಡು ಮೂರು ವಾರ ತೆಗೆದುಕೊಂಡರೆ ಮೂಲಂಗಿ ಮೂರು ನಾಲ್ಕು ದಿನದಲ್ಲೇ ಎದ್ದು "ಸಾಲು ಇಲ್ಲಿದೆ" ಎಂದು ತೋರಿಸುತ್ತದೆ. ಕ್ಯಾರೆಟ್ ಬಲಿಯುವ ಹೊತ್ತಿಗೆ ಮೂಲಂಗಿ ಕಿತ್ತು ಮುಗಿದಿರುತ್ತದೆ.

2. ಎರಡು ಕುಂಡಗಳ ಪಾಠ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ. ಎರಡು ಚಿಕ್ಕ ಕುಂಡ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಬರೀ ಕೋಕೊಪೀಟ್ ಅಥವಾ ತೊಳೆದ ಮರಳು ತುಂಬಿ, ಮಡಿಯಲ್ಲಿ ಹಾಕಿದ ಪ್ರತಿಯೊಂದು ಬೀಜದಿಂದ ಐದಾರು ಕಾಳು ಅದರಲ್ಲೂ ಹಾಕಿ ಗುರುತು ಮಾಡಿ. ಎರಡನೆಯದಕ್ಕೆ ನಿಮ್ಮ ಮಡಿಯ ಮಣ್ಣನ್ನೇ ತುಂಬಿ, ಏನೂ ಬಿತ್ತದೆ, ದಿನಾ ನೀರು ಮಾತ್ರ ಹಾಕಿ.

ಮೊದಲ ಕುಂಡದಲ್ಲಿ ಬಂದದ್ದೆಲ್ಲ ತರಕಾರಿ. ಎರಡನೆಯದರಲ್ಲಿ ಬಂದದ್ದೆಲ್ಲ ಕಳೆ. ಮಡಿಯ ಮುಂದೆ ಕೂತು ತಲೆ ಕೆರೆದುಕೊಳ್ಳುವಾಗ ಈ ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ. ಯಾವ ಪುಸ್ತಕದ ಚಿತ್ರವೂ ಇದರ ಸಮ ಬಾರದು, ಏಕೆಂದರೆ ಇಲ್ಲಿರುವುದು ನಿಮ್ಮದೇ ಬೀಜ, ನಿಮ್ಮದೇ ಮಣ್ಣು, ಅದೇ ವಯಸ್ಸು.

ಎರಡನೆಯ ಕುಂಡದ ತತ್ವವನ್ನು ಇಡೀ ಮಡಿಗೂ ಹಿಗ್ಗಿಸಬಹುದು. ಬಿತ್ತುವುದಕ್ಕೆ ಎರಡು ವಾರ ಮುಂಚೆ ಮಡಿಯನ್ನು ಪೂರ್ತಿ ಸಿದ್ಧಮಾಡಿ, ನೀರು ಹಾಯಿಸಿ, ಸುಮ್ಮನೆ ಬಿಡಿ. ಮೇಲ್ಪದರದ ಕಳೆಬೀಜಗಳು ತಮಗಾಗಿಯೇ ಮಡಿ ಮಾಡಿದ್ದಾರೆಂದು ಭ್ರಮಿಸಿ ಒಟ್ಟಿಗೆ ಏಳುತ್ತವೆ. ಒಣ ಬಿಸಿಲಿರುವ ದಿನ ಅವನ್ನು ಮೇಲ್ಪದರದಲ್ಲಷ್ಟೇ, ಒಂದೆರಡು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದೆ ಹೆರೆದುಬಿಡಿ. ಆಮೇಲೆ ಬಿತ್ತಿ. ಮತ್ತೆ ಅಗೆಯಬಾರದು ಎಂಬುದೇ ಇಲ್ಲಿನ ಗುಟ್ಟು: ಎಷ್ಟೋ ಕಳೆಗಳ ಪುಟ್ಟ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಆಳದಲ್ಲಿ ಮಲಗಿದ್ದವನ್ನು ನಾವೇ ಅಗೆದು ಬೆಳಕಿಗೆ ತಂದು ಎಬ್ಬಿಸುತ್ತೇವೆ.

3. ದಿನ ಎಣಿಸಿ

ಬಿತ್ತಿದ ಎರಡನೆಯ ದಿನವೇ ಮಡಿ ಹಸಿರಾದರೆ ಸಂಭ್ರಮಪಡಬೇಡಿ, ಅದು ಬಹುತೇಕ ಕಳೆ. ಮಣ್ಣು ಬೆಚ್ಚಗಿದ್ದಾಗ ಮೂಲಂಗಿ, ಸಾಸಿವೆ, ಎಲೆಕೋಸು ಮೂರರಿಂದ ಆರು ದಿನ. ಸೌತೆ, ಕುಂಬಳ, ಹುರುಳಿಕಾಯಿ ಸುಮಾರು ಒಂದು ವಾರ. ಬೆಂಡೆ, ಟೊಮೇಟೊ ಐದರಿಂದ ಹತ್ತು ದಿನ. ಬದನೆ, ಈರುಳ್ಳಿ, ಕೊತ್ತಂಬರಿ ಒಂದರಿಂದ ಎರಡು ವಾರ. ಮೆಣಸಿನಕಾಯಿ ಎರಡು ವಾರ ದಾಟಿದರೂ ಆಶ್ಚರ್ಯವಿಲ್ಲ. ಮಣ್ಣು ತಣ್ಣಗಿದ್ದರೆ ಎಲ್ಲವೂ ತಡ.

ಮೆಣಸಿನಕಾಯಿ ಬಿತ್ತಿ ಐದು ದಿನಕ್ಕೇ ಕಾಣಿಸಿಕೊಂಡ ಹಸಿರನ್ನು ಮುದ್ದಿಸಬೇಕಾಗಿಲ್ಲ. ತದ್ವಿರುದ್ಧವೂ ನಿಜ: ಹತ್ತು ದಿನವಾದರೂ ಏನೂ ಬರಲಿಲ್ಲವೆಂದು ಬೇಸತ್ತು ಕ್ಯಾರೆಟ್ ಮಡಿಯನ್ನು ಅಗೆದು ಬೇರೆ ಬಿತ್ತುವವರು ಬಹಳ. ನಾನೂ ಅವರಲ್ಲೊಬ್ಬ.

4. ಮೊದಲು ಬರುವುದು ಎಲೆಯಲ್ಲ

ಮೊಳಕೆ ಒಡೆದಾಗ ಮೊದಲು ಬಿಚ್ಚಿಕೊಳ್ಳುವುದು ಬೀಜದಳ. ಬೀಜದೊಳಗೆ ಮೊದಲೇ ಮಡಚಿ ಇಟ್ಟಿದ್ದ ಬುತ್ತಿ ಅದು. ಗಿಡದ ಮುಂದಿನ ಎಲೆಗೂ ಇದಕ್ಕೂ ರೂಪದಲ್ಲಿ ಹೋಲಿಕೆ ಇರಲೇಬೇಕೆಂದಿಲ್ಲ. ಟೊಮೇಟೊ ಎಲೆ ಹೇಗಿರುತ್ತದೆಂದು ಗೊತ್ತಿದ್ದೂ ಟೊಮೇಟೊ ಮೊಳಕೆ ಗುರುತಿಸಲಾಗದೆ ಸೋಲುವುದು ಇದರಿಂದಲೇ. ಬೀಜದಳದ ಮೇಲೆ, ನಡುವಿನ ಚಿಗುರಿನಿಂದ ಬರುವುದು ನಿಜವಾದ ಎಲೆ. ಅದರಲ್ಲಿ ಗಿಡದ ಸ್ವಭಾವ ಕಾಣಲು ಶುರುವಾಗುತ್ತದೆ.

ಎಣಿಸಿ ನೋಡುವುದು ಮೊದಲ ಪರೀಕ್ಷೆ. ಬೀಜದಳ ಒಂದೇ ಇದ್ದರೆ ಏಕದಳ: ಹುಲ್ಲು, ಜೋಳ, ಈರುಳ್ಳಿ. ಎರಡಿದ್ದರೆ ದ್ವಿದಳ: ಹೆಚ್ಚುಕಡಿಮೆ ಉಳಿದೆಲ್ಲ ತರಕಾರಿ. ನೀವು ಬಿತ್ತಿದ್ದು ಟೊಮೇಟೊ, ಬೆಂಡೆ, ಮೂಲಂಗಿ ಮಾತ್ರವಾದರೆ, ಗರಿಯಂತೆ ಒಂಟಿಯಾಗಿ ಎದ್ದದ್ದನ್ನೆಲ್ಲ ಯೋಚನೆಯಿಲ್ಲದೆ ಕೀಳಬಹುದು.

ಎರಡನೆಯದು ಗಾತ್ರ. ದೊಡ್ಡ ಬೀಜದಿಂದ ದೊಡ್ಡ ಮೊಳಕೆ. ಕುಂಬಳದ ಬೀಜ ಕೈಯಲ್ಲಿ ಹಿಡಿದಿದ್ದ ನಿಮಗೆ ಅದರ ಮೊಳಕೆ ಸಾಸಿವೆ ಕಾಳಿನಷ್ಟು ಇರಲಾರದೆಂದು ಗೊತ್ತಾಗಬೇಕು. ಹೆಚ್ಚಿನ ಕಳೆಗಳ ಬೀಜ ಧೂಳಿನಂತೆ ಸಣ್ಣದು, ಆದ್ದರಿಂದ ಮೊಳಕೆಯೂ ಗುಂಡುಸೂಜಿಯ ತಲೆಯಷ್ಟೇ. ಉಮ್ಮತ್ತಿ, ಕಾಡುಬಳ್ಳಿಗಳಂಥ ಕೆಲವು ಮಾತ್ರ ಈ ನಿಯಮ ಮುರಿದು ಮೋಸ ಮಾಡುತ್ತವೆ.

ಇನ್ನು ಒಂದೊಂದೇ ಮನೆತನದ ಮುಖಗಳು.

ಮೂಲಂಗಿ, ಸಾಸಿವೆ, ಎಲೆಕೋಸು, ಹೂಕೋಸು, ನವಿಲುಕೋಸು: ಬೀಜದಳ ತುದಿಯಲ್ಲಿ ಕಚ್ಚು ಬಿದ್ದ ಹೃದಯದಂತೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಆದರೆ ಇವನ್ನು ಒಂದರಿಂದೊಂದು ಬೇರೆ ಮಾಡುವುದು ಈ ಹಂತದಲ್ಲಿ ಕಷ್ಟ. ನಿಜವಾದ ಎಲೆ ಬಂದಾಗ ಮೂಲಂಗಿ, ಸಾಸಿವೆಯದು ಮುಟ್ಟಿದರೆ ಒರಟು, ಕೋಸಿನದು ನುಣುಪು, ಮೇಲೆ ಮೇಣ ಸವರಿದಂಥ ನೀಲಿ ಛಾಯೆ.

ಸೌತೆ, ಕುಂಬಳ, ಸೋರೆ: ದಪ್ಪಗೆ, ಉದ್ದುದ್ದ ಅಂಡಾಕಾರದ ಎರಡು ದಳ. ಎಷ್ಟೋ ಸಲ ಬೀಜದ ಸಿಪ್ಪೆ ಟೋಪಿಯಂತೆ ತಲೆಯ ಮೇಲೇ ಇರುತ್ತದೆ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಟೋಪಿಯನ್ನು ಎಳೆದು ತೆಗೆಯಬೇಡಿ. ನೀರು ಚಿಮುಕಿಸಿದರೆ ಮೆತ್ತಗಾಗಿ ತಾನೇ ಕಳಚುತ್ತದೆ.

ಹುರುಳಿಕಾಯಿ: ಸೀಳಿದ ಕಾಳೇ ಮಣ್ಣಿನಿಂದ ಮೇಲೆದ್ದು ಬರುತ್ತದೆ. ಆಮೇಲೆ ಎದುರುಬದುರಾಗಿ ಎರಡು ದೊಡ್ಡ ಒಂಟಿ ಎಲೆ, ಅದರ ಮೇಲಿನಿಂದ ಮೂರು ಎಲೆಗಳ ಗೊಂಚಲು. ಬಟಾಣಿಯದು ಬೇರೆ ರೀತಿ, ಅದರ ಕಾಳು ಮಣ್ಣಿನೊಳಗೇ ಉಳಿದು ನೇರವಾಗಿ ಎಲೆಯ ಚಿಗುರೇ ಮೇಲೆ ಬರುತ್ತದೆ. ತೊಗರಿ, ಕಡಲೆಯೂ ಹೀಗೆಯೇ. ಬೀಜದಳ ಕಾಣಲಿಲ್ಲವೆಂದು ಇವನ್ನು ಅನುಮಾನಿಸಬೇಡಿ.

ಟೊಮೇಟೊ, ಮೆಣಸಿನಕಾಯಿ, ಬದನೆ: ಮೂರಕ್ಕೂ ಭರ್ಜಿಯ ತುದಿಯಂತೆ ಚೂಪಾದ ದಳ. ಟೊಮೇಟೊದ ಕಾಂಡದ ಮೇಲೆ ಸಣ್ಣ ರೋಮ, ಎಳೆಯದರಲ್ಲೇ ಹಲವು ಬಾರಿ ನೇರಳೆ ಬಣ್ಣ. ಮೆಣಸಿನಕಾಯಿ ಸಸಿ ಪೂರ್ತಿ ನುಣುಪು, ಹೊಳೆಯುತ್ತದೆ. ನಿಜವಾದ ಎಲೆ ಬಂದರೆ ಸಂಶಯ ಉಳಿಯುವುದಿಲ್ಲ: ಟೊಮೇಟೊದ್ದು ಮೊದಲಿನಿಂದಲೇ ಸೀಳುಸೀಳು, ಮೆಣಸಿನಕಾಯಿಯದು ಅಂಚು ಒಂದೇ ಸಮ, ಬದನೆಯದು ಮಾಸಲು ಹಸಿರು, ಬೆರಳಿಗೆ ಮೆತ್ತನೆ ತುಪ್ಪಳ.

ಬೀಟ್‌ರೂಟ್, ಪಾಲಕ್: ಉದ್ದನೆ ಪಟ್ಟಿಯಂಥ ದಳ, ಬೀಟ್‌ರೂಟ್‌ನ ಕಾಂಡ ಕೆಂಪು. ನಾವು ಬೀಟ್‌ರೂಟ್ ಬೀಜ ಅನ್ನುವುದು ಹಲವು ಬೀಜಗಳ ಉಂಡೆ. ಹಾಗಾಗಿ ಒಂದೇ ಕಡೆಯಿಂದ ಎರಡು ಮೂರು ಸಸಿ ಏಳುತ್ತವೆ. ಇದು ಕಳೆ ನುಸುಳಿದ್ದಲ್ಲ. ಗಟ್ಟಿಯಾದ ಒಂದನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿದರೆ ಆಯಿತು. ಕೊತ್ತಂಬರಿಯ ಒಂದು ಇಡೀ ಕಾಳಿನಲ್ಲೂ ಹೀಗೇ ಎರಡು ಬೀಜವಿರುತ್ತದೆ.

ಬೆಂಡೆಗೆ ಅಗಲವಾದ, ದುಂಡನೆಯ, ದೊಡ್ಡ ದಳ. ಅದರ ಬಗ್ಗೆ ಇಷ್ಟು ಸಾಕು.

ಈರುಳ್ಳಿಯ ಮೊಳಕೆ ಮಾತ್ರ ನೋಡಲು ಚೆಂದ. ದಾರವನ್ನು ಮಡಚಿ ಮಣ್ಣಿನಿಂದ ಹೊರತಳ್ಳಿದಂತೆ ಮೊಣಕಾಲು ಮೊದಲು ಬರುತ್ತದೆ, ಆಮೇಲೆ ತಲೆ ನಿಧಾನ ನೆಟ್ಟಗಾಗುತ್ತದೆ, ತುದಿಯಲ್ಲಿ ಬೀಜದ ಕರಿ ಸಿಪ್ಪೆ ಅಂಟಿಕೊಂಡಿರುತ್ತದೆ. ಹುಲ್ಲು ಯಾವತ್ತೂ ಹೀಗೆ ಬಾಗಿ ಬರುವುದಿಲ್ಲ, ಸೂಜಿಯಂತೆ ನೆಟ್ಟಗೆ ಚುಚ್ಚಿಕೊಂಡು ಬರುತ್ತದೆ.

5. ವೇಷಧಾರಿಗಳು

ಮುಖ್ಯ ತೊಂದರೆ ಇರುವುದು ಇಲ್ಲಿ. ಕಳೆಗಳಲ್ಲಿ ಕೆಲವು ನಮ್ಮ ತರಕಾರಿಯ ದಾಯಾದಿಗಳೇ. ಮುಖ, ಮೈಕಟ್ಟು, ನಡಿಗೆ ಎಲ್ಲ ಒಂದೇ. ಇವುಗಳ ಮಟ್ಟಿಗೆ ಎರಡು ನಿಜವಾದ ಎಲೆ ಬರುವವರೆಗೂ ಕೈ ಕಟ್ಟಿ ಕಾಯುವುದೇ ಒಳ್ಳೆಯದು. ಅಷ್ಟು ದಿನಕ್ಕೆ ಕಳೆ ನಿಮ್ಮ ಬೆಳೆಯನ್ನು ನುಂಗುವುದಿಲ್ಲ.

ಕ್ಯಾರೆಟ್ ಮತ್ತು ಕಾಂಗ್ರೆಸ್ ಗಿಡ. ಸೀಳಿದ ಎಲೆಯ ಪಾರ್ಥೇನಿಯಂ ಕ್ಯಾರೆಟ್‌ಗೆ ಎಷ್ಟು ಹತ್ತಿರವೆಂದರೆ ಅದಕ್ಕೆ ಕ್ಯಾರೆಟ್ ಹುಲ್ಲು ಎಂಬ ಹೆಸರೂ ಇದೆ. ಎಲೆ ನೋಡಬೇಡಿ, ಬುಡ ನೋಡಿ. ಕ್ಯಾರೆಟ್‌ನ ಬೀಜದಳ ಹುಲ್ಲಿನ ಎಸಳಿನಂತೆ ತೆಳ್ಳಗೆ, ಉದ್ದಕ್ಕೆ, ಆದರೆ ಜೋಡಿಯಾಗಿ ಇರುತ್ತದೆ. ಕಾಂಗ್ರೆಸ್ ಗಿಡದ್ದು ಪುಟ್ಟದಾಗಿ ದುಂಡಗಿರುತ್ತದೆ. ಕ್ಯಾರೆಟ್‌ನ ಮೊದಲ ನಿಜವಾದ ಎಲೆಯೇ ಎಳೆಎಳೆಯಾಗಿ ಸೀಳಿರುತ್ತದೆ. ಕಾಂಗ್ರೆಸ್ ಗಿಡದ ಮೊದಲ ಎಲೆಗಳು ಅಷ್ಟು ಸೀಳದೆ, ಬೆಳೆಯುತ್ತ ಹೋದಂತೆ ಸೀಳುಗಳು ಆಳವಾಗುತ್ತವೆ, ಮತ್ತು ಗಿಡ ನೆಲಕ್ಕೆ ಅಪ್ಪಚ್ಚಿಯಾಗಿ ಚಕ್ರದಂತೆ ಹರಡುತ್ತದೆ. ಇದನ್ನು ಬರಿಗೈಲಿ ಕೀಳಬೇಡಿ, ಹಲವರಿಗೆ ಚರ್ಮದ ತುರಿಕೆ, ಅಲರ್ಜಿ ತರುತ್ತದೆ. ಹೂ ಬಿಡುವ ಮುಂಚೆಯೇ ತೆಗೆಯಿರಿ.

ದಂಟು ಮತ್ತು ಮುಳ್ಳುದಂಟು. ಒಂದೇ ಕುಲದ ಅಣ್ಣತಮ್ಮಂದಿರು. ಎಳೆಯದರಲ್ಲಿ ಇವನ್ನು ಖಚಿತವಾಗಿ ಬೇರೆ ಮಾಡುತ್ತೇನೆಂದು ಹೇಳುವವರ ಮಾತನ್ನು ನಾನು ಅರ್ಧವಷ್ಟೇ ನಂಬುತ್ತೇನೆ. ಸ್ವಲ್ಪ ಬೆಳೆದ ಮೇಲೆ ಎಲೆಯ ಬುಡದಲ್ಲಿ ಜೋಡಿ ಮುಳ್ಳು ಕಂಡರೆ ಅದು ಮುಳ್ಳುದಂಟು. ಆ ತನಕ ಕಾಯಲಾರದವರಿಗೆ ಸುಲಭದ ದಾರಿ, ಕೆಂಪು ಎಲೆಯ ದಂಟಿನ ಬೀಜ ಬಿತ್ತುವುದು. ಸಾಲಿನಲ್ಲಿ ಕೆಂಪು ಇರುವುದು ನಿಮ್ಮದು, ಹಸಿರು ಬಂದದ್ದು ಆಗಂತುಕ. ಇವುಗಳ ವಿಷಯದಲ್ಲಿ ಉದಾಸೀನ ಕೂಡದು: ಕಳೆದಂಟಿನ ಒಂದು ದೊಡ್ಡ ಗಿಡ ಲಕ್ಷಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಪಾಲಕ್ ಸಾಲಿನಲ್ಲಿ ಚಕ್ಕೋತ ಸೊಪ್ಪು ನುಸುಳುತ್ತದೆ. ಅದರ ಎಳೆಯ ಎಲೆಯ ಮೇಲೆ, ಅದರಲ್ಲೂ ನಡುವಿನ ಚಿಗುರಿನ ಮೇಲೆ, ಹಿಟ್ಟು ಉದುರಿಸಿದಂಥ ಬಿಳಿ ಪುಡಿ ಇರುತ್ತದೆ. ಪಾಲಕ್ ಎಲೆ ಸ್ವಚ್ಛ, ಹೊಳಪು.

ಮೆಂತ್ಯ ಮತ್ತು ಪುಲ್ಲಂಪುರಚಿ. ಎರಡಕ್ಕೂ ಮೂರು ಎಸಳಿನ ಎಲೆ. ಪುಲ್ಲಂಪುರಚಿಯ ಎಸಳು ಪಕ್ಕಾ ಹೃದಯದಾಕಾರ, ಸಂಜೆಯಾದರೆ ಕೊಡೆಯಂತೆ ಮಡಚಿಕೊಳ್ಳುತ್ತದೆ. ಮೆಂತ್ಯದ ಎಸಳು ಉದ್ದನೆ, ತುದಿಯಲ್ಲಿ ಸಣ್ಣ ಹಲ್ಲು. ಇನ್ನೊಂದು ಸ್ವಾರಸ್ಯ, ಮೆಂತ್ಯದ ಮೊಟ್ಟಮೊದಲ ನಿಜವಾದ ಎಲೆಗೆ ಒಂದೇ ಎಸಳು. ಮೂರರ ಲೆಕ್ಕ ಎರಡನೆಯದರಿಂದ ಶುರು. ಪುಲ್ಲಂಪುರಚಿ ಕಾಯಿ ಬಲಿತರೆ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ, ಕಾಯಿ ಕಟ್ಟುವ ಮುಂಚೆ ತೆಗೆಯಿರಿ.

ಹುರುಳಿಕಾಯಿ ಸಾಲಿನಲ್ಲಿ ಕಾಡುಬಳ್ಳಿ. ಗಂಟೆಯಾಕಾರದ ಹೂ ಬಿಡುವ ಕಾಡುಬಳ್ಳಿಗಳ ಮೊಳಕೆಯೂ ದೊಡ್ಡದೇ, ಅದಕ್ಕೇ ಹೊಸಬರು ಬಿಟ್ಟುಬಿಡುತ್ತಾರೆ. ಆದರೆ ಅವುಗಳಲ್ಲಿ ಹಲವಕ್ಕೆ ಬೀಜದಳ ಚಿಟ್ಟೆಯ ರೆಕ್ಕೆಯಂತೆ ನಡುವೆ ಆಳಕ್ಕೆ ಸೀಳಿರುತ್ತದೆ. ಹುರುಳಿಕಾಯಿಗೆ ಅಂಥ ಸೀಳು ಎಂದೂ ಇಲ್ಲ, ಅದರ ಬುಡದಲ್ಲಿ ದಪ್ಪ ಕಾಳಿನ ಎರಡು ಹೋಳು ನೇತಾಡುತ್ತಿರುತ್ತವೆ.

ಈರುಳ್ಳಿ ಮತ್ತು ಜೇಕು. ಬುಡವನ್ನು ಬೆರಳುಗಳ ನಡುವೆ ಹೊಸೆದು ನೋಡಿ. ಜೇಕಿನ ಬುಡ ಮೂರು ಮೂಲೆಯಾಗಿ ಉರುಳದೆ ತಡೆಯುತ್ತದೆ, ಈರುಳ್ಳಿಯದು ದುಂಡಗೆ ಉರುಳುತ್ತದೆ. ಜೇಕಿನ ಎಲೆ ಚಪ್ಪಟೆ, ಹೊಳಪು. ಈರುಳ್ಳಿಯದು ಒಳಗೆ ಟೊಳ್ಳು. ಜೇಕನ್ನು ಎಳೆದರೆ ಎಲೆ ಕೈಗೆ ಬಂದು ಗೆಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ, ಒಂದು ವಾರಕ್ಕೆ ಮತ್ತೆ ಹಾಜರ್. ಅದನ್ನು ಬುಡಸಮೇತ ಅಗೆದೇ ತೆಗೆಯಬೇಕು.

ಮೆಕ್ಕೆಜೋಳ ಮತ್ತು ಹುಲ್ಲು. ಜೋಳದ ಮೊಳಕೆ ದಪ್ಪ ಸುರುಳಿಯಾಗಿ ಬರುತ್ತದೆ. ಅದರ ಮೊಟ್ಟಮೊದಲ ಎಲೆಯ ತುದಿ ಚೂಪಾಗಿರದೆ ದುಂಡಗೆ ಇರುತ್ತದೆ. ಇಷ್ಟಾದರೂ ಅನುಮಾನವಿದ್ದರೆ ಪಕ್ಕದ ಮಣ್ಣನ್ನು ಕಡ್ಡಿಯಿಂದ ಸ್ವಲ್ಪ ಸರಿಸಿ, ಬುಡದಲ್ಲಿ ಕಾಳು ಇನ್ನೂ ಅಂಟಿಕೊಂಡಿರುವುದು ಕಾಣುತ್ತದೆ. ಈ ಕೆದಕಿ ನೋಡುವ ಉಪಾಯ ದೊಡ್ಡ ಬೀಜದ ಎಲ್ಲ ಬೆಳೆಗೂ ನಡೆಯುತ್ತದೆ.

ಬದನೆ ಮತ್ತು ಉಮ್ಮತ್ತಿಯ ಕತೆ ಮೊದಲೇ ಹೇಳಿದೆ. ಉಮ್ಮತ್ತಿಯ ಬೀಜದಳ ಬದನೆಯದಕ್ಕಿಂತ ಎದ್ದುಕಾಣುವಷ್ಟು ಉದ್ದ, ಬೆಳವಣಿಗೆಯೂ ಅಷ್ಟೇ ಅವಸರದ್ದು. ಎಲೆ ಉಜ್ಜಿದರೆ ಹೊಲಸು ವಾಸನೆ. ಇಡೀ ಗಿಡ ವಿಷ, ಬೀಜವಂತೂ ಇನ್ನೂ. ಮುಟ್ಟಿದ ಕೈ ತೊಳೆದುಕೊಳ್ಳಿ.

6. ಮೂಗು, ಬೆರಳು, ಫೋನು

ಗುರುತು ಸಿಗದ ಎಲೆಯನ್ನು ಉಗುರಿನಲ್ಲಿ ಚೂರು ಹಿಸುಕಿ ಮೂಸಿ ನೋಡಿ. ಟೊಮೇಟೊ, ಕೊತ್ತಂಬರಿ, ಈರುಳ್ಳಿ, ಮೆಂತ್ಯ ಎರಡು ಎಲೆ ಇರುವಾಗಲೇ ತಮ್ಮ ವಾಸನೆಯಿಂದ ಸಿಕ್ಕಿಬೀಳುತ್ತವೆ. ಬಾಯಿಗೆ ಮಾತ್ರ ಹಾಕಬೇಡಿ. ಎಷ್ಟೇ ಪರಿಚಿತ ಅನ್ನಿಸಿದರೂ ಗುರುತು ಖಚಿತವಾಗದ ಸಸಿಯ ರುಚಿ ನೋಡುವ ಸಾಹಸ ಬೇಡ. ಕಾಂಡ ಮುರಿದಾಗ ಹಾಲು ಒಸರಿದರೆ, ನೀವು ಬಿತ್ತಿದ್ದು ಲೆಟ್ಯೂಸ್ ಅಲ್ಲವಾದರೆ, ಬಹುತೇಕ ಕಳೆ. ಆ ಹಾಲನ್ನು ಕಣ್ಣಿಗೆ ತಾಗಿಸಿಕೊಳ್ಳಬೇಡಿ.

ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್‌ಗಳಿವೆ. ಹೂವಿರುವ ಗಿಡಕ್ಕೆ ಚೆನ್ನಾಗಿ ಕೆಲಸ ಮಾಡುತ್ತವೆ, ಎರಡು ಬೀಜದಳದ ಮೊಳಕೆಗೆ ಬಾಯಿಗೆ ಬಂದದ್ದು ಹೇಳುತ್ತವೆ. ಫೋನಿನ ಉಪಯೋಗ ಬೇರೆ ಕಡೆ ಇದೆ. ಎರಡು ದಿನಕ್ಕೊಮ್ಮೆ ಅದೇ ಜಾಗದಿಂದ, ಮೇಲಿನಿಂದ, ಮಡಿಯ ಫೋಟೊ ತೆಗೆಯುತ್ತಾ ಹೋಗಿ. ಗಿಡ ದೊಡ್ಡದಾಗಿ ಹೆಸರು ಗೊತ್ತಾದ ಮೇಲೆ ಹಿಂದಕ್ಕೆ ಹೋಗಿ ಅದರ ಬಾಲ್ಯದ ಫೋಟೊ ನೋಡಿ. ಮುಂದಿನ ಬಿತ್ತನೆಗೆ ನಿಮ್ಮದೇ ಚಿತ್ರಕೋಶ ಸಿದ್ಧವಾಗಿರುತ್ತದೆ.

7. ಕೀಳುವಾಗ

ಮೊದಲು ಸಾಲುಗಳ ನಡುವಿನದನ್ನು ತೆಗೆಯಿರಿ, ಅಲ್ಲಿ ಯೋಚಿಸಲು ಏನೂ ಇಲ್ಲ. ಒಣ ಬಿಸಿಲಿನಲ್ಲಿ ಹೆರೆದರೆ ಅಲ್ಲೇ ಬಾಡುತ್ತವೆ. ಕಳೆ ಬಿಳಿ ದಾರದಂಥ ಬೇರು ಬಿಟ್ಟ ಹಂತದಲ್ಲಿದ್ದರೆ ಬೆರಳಿನಿಂದ ಮೇಲ್ಮಣ್ಣು ಕದಡಿದರೂ ಸಾಕು, ಸಾಯುತ್ತದೆ. ಗೋಣಿಸೊಪ್ಪು ಮಾತ್ರ ಹೀಗೆ ಸಾಯುವ ಪೈಕಿಯಲ್ಲ. ದಪ್ಪ ಎಲೆಯಲ್ಲಿ ನೀರು ತುಂಬಿಕೊಂಡ ಅದರ ತುಂಡು ನೆಲದ ಮೇಲೆ ಬಿದ್ದಲ್ಲೇ ಮತ್ತೆ ಬೇರು ಬಿಡುತ್ತದೆ. ಆರಿಸಿ ಹೊರಗೆ ಹಾಕಿ. ಗರಿಕೆಯದೂ ಇದೇ ಹಟ, ಅದರ ಗಿಣ್ಣು ಗಿಣ್ಣಿಗೂ ಜೀವ.

ಆಮೇಲೆ ಸಾಲಿನೊಳಗಿನದು. ಹಿಂದಿನ ದಿನ ಅಥವಾ ಒಂದೆರಡು ಗಂಟೆ ಮುಂಚೆ ನೀರು ಹಾಕಿ ಮಣ್ಣು ಸಡಿಲವಾಗಿರಲಿ. ತರಕಾರಿ ಸಸಿಯ ಬುಡವನ್ನು ಎಡಗೈಯ ಎರಡು ಬೆರಳಿಂದ ಮಣ್ಣಿಗೆ ಒತ್ತಿ ಹಿಡಿದು ಬಲಗೈಯಿಂದ ಕಳೆಯನ್ನು ಮೆಲ್ಲಗೆ ಎಳೆಯಿರಿ. ತೀರಾ ಅಂಟಿಕೊಂಡಿದ್ದರೆ ಎಳೆಯಲೇಬೇಡಿ, ಚಿಕ್ಕ ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿ. ಬೇರು ಬೇರಿಗೆ ಹೆಣೆದುಕೊಂಡಿರುವಾಗ ಕಳೆ ಕಿತ್ತರೆ ಸಸಿಯೂ ಜೊತೆಗೇ ಬರುತ್ತದೆ.

ಒಮ್ಮೆಗೇ ಪೂರ್ತಿ ಮಡಿ ಕ್ಲೀನ್ ಮಾಡುವ ಹುಮ್ಮಸ್ಸು ಬೇಡ. ಮೊದಲ ದಿನ ನೂರಕ್ಕೆ ನೂರು ಖಾತ್ರಿ ಇರುವುದನ್ನಷ್ಟೇ ಕಿತ್ತು, ಉಳಿದದ್ದನ್ನು ನಾಲ್ಕು ದಿನ ಬಿಟ್ಟು ನೋಡಿ. ಹಾಗೆಂದು ತಿಂಗಳುಗಟ್ಟಲೆ ಬಿಡುವುದೂ ಸಲ್ಲ. ಮೊದಲ ಮೂರು ನಾಲ್ಕು ವಾರದಲ್ಲಿ ಕಳೆ ಕಸಿದುಕೊಳ್ಳುವ ಬೆಳಕು, ನೀರು, ಗೊಬ್ಬರದ ಪೆಟ್ಟಿನಿಂದ ಸಸಿ ಆಮೇಲೆ ಚೇತರಿಸಿಕೊಳ್ಳುವುದು ಕಷ್ಟ. ಸಸಿಗಳು ಗೇಣುದ್ದ ಆದಮೇಲೆ ಬುಡದ ಸುತ್ತ ತರಗೆಲೆ, ಒಣಹುಲ್ಲು ಹೊದಿಸಿದರೆ ಮುಂದೆ ಬರುವ ಕಳೆ ಬಹಳ ಕಡಿಮೆ.

ಗೊಬ್ಬರದೊಡನೆ ಬಂದವರು

ಅಡುಗೆಮನೆಯ ಕಸದ ಗೊಬ್ಬರ ಹಾಕಿದ್ದರೆ ಬಿತ್ತದ ಟೊಮೇಟೊ, ಕುಂಬಳ, ಮೆಣಸಿನಕಾಯಿ ಸಸಿಗಳು ಎಲ್ಲೆಂದರಲ್ಲಿ ಏಳುತ್ತವೆ. ಇವು ಕಳೆಯೋ ಬೆಳೆಯೋ? ಟೊಮೇಟೊ, ಮೆಣಸಿನಕಾಯಿಯನ್ನು ಕಿತ್ತು ಬೇರೆಡೆ ನೆಡಲು ನನ್ನ ಅಡ್ಡಿಯಿಲ್ಲ. ಹಣ್ಣು ತಾಯಿಯಂತೆ ಇರುತ್ತದೆಂಬ ಭರವಸೆ ಇಲ್ಲ, ಅಷ್ಟೇ. ಕುಂಬಳ, ಸೌತೆ, ಸೋರೆ ಜಾತಿಯವು ಬಂದರೆ ಒಂದು ಎಚ್ಚರ: ಬೇರೆ ತಳಿಯ ಪರಾಗ ಸೇರಿದ್ದರೆ ಕೆಲವೊಮ್ಮೆ ಕಾಯಿ ವಿಪರೀತ ಕಹಿಯಾಗುತ್ತದೆ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಬೇಯಿಸಿದರೂ ಹೋಗುವುದಿಲ್ಲ. ಹಾಗಲವಲ್ಲದ ಕಾಯಿ ಕಹಿ ಬಂದರೆ ಉಗುಳಿ, ಗಿಡ ಕಿತ್ತುಬಿಡಿ.

ಇಷ್ಟೆಲ್ಲ ನೋಡಿದ ಮೇಲೂ ಒಂದೆರಡು ಸಸಿ ಯಾವ ಲೆಕ್ಕಕ್ಕೂ ಸಿಗದೆ ಉಳಿಯುತ್ತವೆ. ಅವಕ್ಕಾಗಿ ಮಡಿಯ ಪಕ್ಕದಲ್ಲೇ ಒಂದು ಕುಂಡ ಇಟ್ಟುಕೊಳ್ಳಿ. ಚಮಚದಿಂದ ಮಣ್ಣುಸಮೇತ ಎತ್ತಿ ಅದರಲ್ಲಿ ನೆಟ್ಟು, ಚೀಟಿಯ ಮೇಲೆ ತಾರೀಖು ಬರೆದು, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಸಾಲಿನಲ್ಲಿ ಜಾಗವೂ ಖಾಲಿಯಾಗುತ್ತದೆ, ಕೊಂದ ಪಾಪವೂ ಇಲ್ಲ. ನನ್ನ ಕುಂಡದಲ್ಲಿ ಈಗ ಅಂಥವು ಮೂರಿವೆ. ಒಂದರ ಎಲೆಯ ಬುಡದಲ್ಲಿ ನಿನ್ನೆ ಸಣ್ಣ ಮುಳ್ಳು ಕಾಣಿಸಿತು, ಅದನ್ನು ಕಿತ್ತೆ. ಇನ್ನೆರಡಕ್ಕೆ ಹೂ ಬರಲಿ ಅಂತ ನೀರು ಹಾಕುತ್ತಿದ್ದೇನೆ.